ಅಪ್ಪನ ಸ್ಪೀಕರ್ ಸತ್ತಿಲ್ಲ, ಮೊದ್ಲು ವೈರ್ ನೋಡಿ

ಪ್ರಶ್ನೆ: ಸರ್, ನಮ್ಮಪ್ಪ ಬ್ಯಾಂಕಲ್ಲಿದ್ರು. 1986ರಲ್ಲಿ ಬೋನಸ್ ಬಂದಾಗ ಒಂದ್ ಜೊತೆ ದೊಡ್ಡ ತ್ರೀ ವೇ ಸ್ಪೀಕರು, ಆಂಪ್ಲಿಫೈಯರು, ಕ್ಯಾಸೆಟ್ ಡೆಕ್ಕು ತಂದಿದ್ರು. ಅಂಗಡಿಗೆ ನನ್ನೂ ಕರ್ಕೊಂಡ್ ಹೋಗಿದ್ರು, ಅವತ್ತು ಅಲ್ಲಿ ಕೇಳಿದ ತಂಬೂರಿ ಶ್ರುತಿ ಇವತ್ತಿಗೂ ಕಿವೀಲಿದೆ. ಬಸವನಗುಡಿ ಮನೇಲಿ ಮೃದಂಗದ ಎಡಗಡೆ ತೊಪ್ಪಿ ಎದೆಗೆ ತಾಕ್ತಿತ್ತು. ಅಪ್ಪ ಹೋದ್ಮೇಲೆ ಆ ಮನೆ ಮಾರಿ ಎರಡು ವರ್ಷದ ಹಿಂದೆ ಕನಕಪುರ ರೋಡ್ ಕಡೆ ಫ್ಲ್ಯಾಟ್‌ಗೆ ಬಂದ್ವಿ. ಹಾಲ್ 14 ಅಡಿ ಉದ್ದ 11 ಅಡಿ ಅಗಲ, ಅಗಲದ ಗೋಡೆಗೆ ಟಿವಿ ಯೂನಿಟ್ಟು, ಅದರ ಎರಡೂ ತುದೀಲಿ ಸ್ಪೀಕರ್, ಸೋಫಾ ಹಾಲಿನ ನಡುಮಧ್ಯ. ಪ್ಯಾಕರ್ಸ್ ಹುಡುಗರೇ ವೈರ್ ಸಿಕ್ಕಿಸಿಕೊಟ್ರು, ಮಗ ಬ್ಲೂಟೂತ್ ರಿಸೀವರ್ ಹಾಕಿಕೊಟ್ಟ. ಆದ್ರೆ ಹಾಡು ತೆಳ್ಳಗೆ ನೀರು ನೀರು, ಹಾಡೋರ ದನಿ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗಲ್ಲ. ಸೋಫಾ ಮೇಲೆ ಕೂತ್ರೆ ಬೇಸೇ ಇಲ್ಲ, ಎದ್ದು ಅಡುಗೆಮನೆ ಬಾಗಿಲಿಗೆ ಹೋದ್ರೆ ಗುಂಯ್ ಅನ್ನುತ್ತೆ. ಶಿಫ್ಟ್ ಮಾಡುವಾಗ ಜಾಲರಿ ಒಳಗಿಂದ ಕರಿ ಪುಡಿ ಬೇರೆ ಉದುರಿತ್ತು. ಒಬ್ಬ ಅಂಗಡಿಯವರು ಇದು ಸತ್ತೋಗಿದೆ, ಒಂದೂವರೆ ಲಕ್ಷಕ್ಕೆ ಹೊಸದು ತಗೊಳ್ಳಿ ಅಂದ್ರು, ಇನ್ನೊಬ್ರು 18 ಸಾವಿರದ ಕೇಬಲ್ ಹಾಕಿಸಿದ್ರೆ ಸರಿ ಹೋಗುತ್ತೆ ಅಂದ್ರು. ಶೋರೂಮಲ್ಲಿ ಹೊಸದು ಕೇಳ್ದೆ, ಅದ್ಭುತವಾಗಿತ್ತು. ನಮ್ಮನೆಯವ್ರು ಸೌಂಡ್‌ಬಾರ್ ಸಾಕು, ಇದನ್ನ ಗುಜರಿಗೆ ಹಾಕು ಅಂತಾರೆ. ನನಗೆ 54 ವರ್ಷ, ಹಾಳಾಗಿರೋದು ಸ್ಪೀಕರಾ ಇಲ್ಲಾ ನನ್ನ ಕಿವಿಯಾ?

ಉತ್ತರ: ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಇಷ್ಟು ವಿವರವಾಗಿ ಬರೆಯೋರು ಕಮ್ಮಿ, ಅದಕ್ಕೇ ನಾನು ಸ್ಪೀಕರ್ ಕಣ್ಣಲ್ಲಿ ನೋಡ್ದೆ ಇದ್ರೂ ಸುಮಾರಾಗಿ ಏನಾಗಿದೆ ಅಂತ ಹೇಳೋಕೆ ಧೈರ್ಯ ಮಾಡ್ತಿದೀನಿ. ನಿಮ್ಮ ಕಿವಿ ಸರಿಯಾಗೇ ಇದೆ ಅನ್ಸುತ್ತೆ, ಯಾಕಂದ್ರೆ ಸೋಫಾ ಮೇಲೆ ಬೇಸ್ ಇಲ್ಲ ಬಾಗಿಲಲ್ಲಿ ಇದೆ, ದನಿಗೆ ಜಾಗ ಇಲ್ಲ ಅಂತ ಗುರುತು ಹಿಡಿದಿದೀರಲ್ಲ, ಹಾಳಾದ ಕಿವಿ ಈ ಕೆಲಸ ಮಾಡಲ್ಲ. ನನ್ನ ಪ್ರಕಾರ ನಿಮ್ಮನೇಲಿ ಮೂರು ತೊಂದರೆ ಒಟ್ಟೊಟ್ಟಿಗೆ ಇದೆ. ಒಂದು ಸ್ಪೀಕರಿನ ವೈರ್ ಉಲ್ಟಾ ಆಗಿರ್ಬೇಕು, ಎರಡೂ ವೂಫರಿನ (ಬಾಕ್ಸಲ್ಲಿ ಬೇಸ್ ಕೊಡೋ ದೊಡ್ಡ ಸ್ಪೀಕರಿನ) ಸುತ್ತ ಇರೋ ಫೋಮ್ ಪುಡಿಯಾಗಿದೆ, ಸೋಫಾ ಬೇಸ್ ಸಾಯೋ ಜಾಗದಲ್ಲೇ ಇದೆ. ಮೊದಲ್ನೇದಕ್ಕೂ ಕೊನೇದಕ್ಕೂ ಒಂದ್ ಪೈಸೆ ಖರ್ಚಿಲ್ಲ.

ಮೊದ್ಲು ವೈರು. ಎರಡೂ ಸ್ಪೀಕರಿನ ಕೋನ್, ಅಂದ್ರೆ ಅಲುಗಾಡಿ ಸೌಂಡ್ ಮಾಡೋ ಬಟ್ಟಲಿನಂಥ ಭಾಗ, ಒಟ್ಟಿಗೆ ಮುಂದೆ ಬರ್ಬೇಕು ಒಟ್ಟಿಗೆ ಹಿಂದೆ ಹೋಗ್ಬೇಕು. ಒಂದು ಕಡೆ ಪ್ಲಸ್ ಮೈನಸ್ ಅದಲು ಬದಲಾದ್ರೆ ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳ್ಕೊಳ್ಳುತ್ತೆ, ಎರಡರ ಮಧ್ಯ ಕೂತೋರಿಗೆ ಬೇಸ್ ವಜಾ ಆಗೋಗುತ್ತೆ, ನಡುವೆ ನಿಂತು ಹಾಡ್ಬೇಕಾದ ದನಿ ರೂಮ್ ತುಂಬ ಚೆಲ್ಲಾಪಿಲ್ಲಿ. ಮಧ್ಯದಿಂದ ಪಕ್ಕಕ್ಕೆ ಹೋದ್ರೆ ಆ ವಜಾ ಅಷ್ಟಾಗಿ ಆಗಲ್ಲ, ಬೇಸ್ ವಾಪಸ್ ಬರುತ್ತೆ. ನೀವು ಬರೆದಿರೋದೂ ಇದನ್ನೇ. ಮನೆ ಶಿಫ್ಟ್ ಆದ್ಮೇಲೆ ನನಗೆ ಬರೋ ಫೋನ್‌ಗಳಲ್ಲಿ ಎಷ್ಟೋ ಸಲ ತೊಂದರೆ ಇಷ್ಟೇ ಆಗಿರುತ್ತೆ, ಪ್ಯಾಕರ್ಸ್ ಹುಡುಗರಿಗೆ ಬಲ್ಬ್ ಉರಿದಂಗೆ ಸೌಂಡ್ ಬಂದ್ರೆ ಆಯ್ತು, ಅವರ ತಪ್ಪೇನಿಲ್ಲ.

ಪರೀಕ್ಷೆ ಮಾಡೋದು ಹೀಗೆ. 60ರ ದಶಕದಲ್ಲಿ ಪಿ.ಬಿ. ಶ್ರೀನಿವಾಸ್ ಅವ್ರೋ ಎಸ್. ಜಾನಕಿ ಅವ್ರೋ ಹಾಡಿರೋ ಯಾವ್ದಾದ್ರೂ ಕನ್ನಡ ಚಿತ್ರಗೀತೆ ಹಾಕಿ, ಆ ಕಾಲದ ರೆಕಾರ್ಡಿಂಗ್ ಮೋನೋ, ಅಂದ್ರೆ ಎಡಕ್ಕೂ ಬಲಕ್ಕೂ ಒಂದೇ ಸೌಂಡ್ ಹೋಗುತ್ತೆ (ಎಕೋ ಗಿಕೋ ಸೇರಿಸಿ ಹೊಸದಾಗಿ ಬಿಟ್ಟಿರೋ ರೀಮಾಸ್ಟರ್ ಬೇಡ, ಹಳೇದೇ ಹುಡುಕಿ). ಎರಡೂ ಸ್ಪೀಕರ್‌ಗೆ ಸಮದೂರದಲ್ಲಿ ಕಣ್ಮುಚ್ಚಿ ಕೂತ್ರೆ ಹಾಡೋರು ಸರಿಯಾಗಿ ಟಿವಿ ಮುಂದೆ ನಿಂತಿರ್ಬೇಕು. ಹಂಗಿಲ್ಲ ಅಂದ್ರೆ ಒಂದೇ ಒಂದು ಸ್ಪೀಕರಿನ ಹಿಂದೆ ಎರಡು ವೈರ್ ಅದಲು ಬದಲು ಮಾಡಿ, ಇನ್ನೊಂದನ್ನ ಮುಟ್ಬೇಡಿ. ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ, ಯಾರನ್ನೂ ಕೇಳೋದೇ ಬೇಡ. ಇನ್ನೂ ಅನುಮಾನ ಇದ್ರೆ ಆಂಪ್ಲಿಫೈಯರಿಂದ ಪೂರ್ತಿ ಬಿಚ್ಚಿ, ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ ಆ 1.5 ವೋಲ್ಟ್ ಸೆಲ್ಲನ್ನ ಸ್ಪೀಕರ್ ವೈರಿಗೆ ಒಂದು ಕ್ಷಣ ತಾಗಿಸಿ ತೆಗೀರಿ, ಪ್ಲಸ್‌ಗೆ ಪ್ಲಸ್ ಇದ್ರೆ ವೂಫರ್ ಕೋನ್ ಟಪ್ ಅಂತ ಮುಂದೆ ಬರುತ್ತೆ. ಎರಡೂ ಬಾಕ್ಸಲ್ಲಿ ಒಂದೇ ದಿಕ್ಕಿಗೆ ಹೋಗ್ಬೇಕು, ಅಷ್ಟೇ ನೋಡ್ಬೇಕಾಗಿರೋದು.

ಈಗ ಕರಿ ಪುಡಿ. ಅದು ಧೂಳಲ್ಲ ಮೇಡಂ. ವೂಫರಿನ ಕೋನ್ ಅಂಚನ್ನ ಲೋಹದ ಚೌಕಟ್ಟಿಗೆ ಸೇರಿಸೋ ಮೆತ್ತನೆ ಉಂಗುರ ಇರುತ್ತೆ, ನಮ್ಮ ಕಡೆ ಸರೌಂಡ್ ಅಂತೀವಿ. 70-80ರ ದಶಕದಲ್ಲಿ ತುಂಬ ಕಂಪನಿಗಳು ಅದನ್ನ ಪಾಲಿಯುರೆಥೇನ್ ಫೋಮಲ್ಲಿ ಮಾಡ್ತಿದ್ರು, ಹಗುರ, ಸೌಂಡೂ ಚೆನ್ನಾಗಿ ಬರೋದು, ಆದ್ರೆ ಗಾಳೀಲಿರೋ ತೇವ ಮತ್ತೆ ಆಮ್ಲಜನಕ ಸೇರ್ಕೊಂಡು 15-20 ವರ್ಷದಲ್ಲಿ ಅದನ್ನ ತಿಂದುಹಾಕುತ್ತೆ. ಬಳಸಿದ್ರೂ ಅಷ್ಟೇ, ಬೀರು ಮೇಲೆ ಬಟ್ಟೆ ಮುಚ್ಚಿ ಇಟ್ರೂ ಅಷ್ಟೇ. ಬೆರಳು ತಾಗಿಸಿದ್ರೆ ಡಾಂಬರ್ ತರ ಅಂಟುತ್ತೆ. ರಬ್ಬರ್ ಅಥವಾ ಬಟ್ಟೆ ಸರೌಂಡ್ ಇದ್ದ ಸ್ಪೀಕರುಗಳು ಇದಕ್ಕಿಂತ ಎಷ್ಟೋ ಜಾಸ್ತಿ ಬಾಳಿಕೆ ಬರುತ್ವೆ, ಆದ್ರೆ ಕರಿ ಪುಡಿ ಉದುರಿದೆ ಅಂದ್ಮೇಲೆ ನಿಮ್ದು ಫೋಮೇ. ಫೋಮ್ ಹರಿದ್ರೆ ಆ ಸೀಳಿಂದ ಗಾಳಿ ಸೋರುತ್ತೆ, ಆಳದ ಬೇಸ್ ಅಲ್ಲೇ ಹೋಗುತ್ತೆ, ಜೊತೆಗೆ ಕೋನ್ ಓಲಾಡಿ ಒಳಗಿರೋ ಕಾಯಿಲ್ (ತಂತಿ ಸುರುಳಿ) ಮ್ಯಾಗ್ನೆಟ್ಟಿಗೆ ಉಜ್ಜೋಕೆ ಶುರುವಾಗುತ್ತೆ. ಆದ್ರಿಂದ ಈಗಿಂದಲೇ ಜೋರಾಗಿ ಹಾಕೋದು ನಿಲ್ಲಿಸಿ. ಕಾಯಿಲ್ ಚೆನ್ನಾಗಿದ್ರೆ ಬರೀ ಸರೌಂಡ್ ಬದಲಾಯಿಸಿದ್ರೆ ಸಾಕು, ಕಾಯಿಲ್ ಉಜ್ಜಿ ಹಾಳಾದ್ರೆ ರೀಕೋನ್ ಮಾಡ್ಸ್ಬೇಕು, ಅಂದ್ರೆ ಕೋನು ಕಾಯಿಲು ಎರಡೂ ಹೊಸದು ಹಾಕ್ಬೇಕು, ಅದು ದೊಡ್ಡ ಕೆಲಸ ಮತ್ತೆ ಮೂಲ ಸೌಂಡ್ ವಾಪಸ್ ಬರೋದೂ ಕಷ್ಟ.

"ಸತ್ತೋಗಿದೆ" ಅಂದ ಅಂಗಡಿಯವ್ರು ಬಹುಶಃ ಈ ಪುಡಿ ನೋಡೇ ಹೇಳಿರ್ತಾರೆ. ಟೈರ್ ಸವೆದಿದೆ ಅಂತ ಕಾರನ್ನೇ ಯಾರೂ ಗುಜರಿಗೆ ಹಾಕಲ್ವಲ್ಲ. ನಮ್ಮ ಬೆಂಗಳೂರಲ್ಲಿ ಸರೌಂಡ್ ಹಾಕೋ ಕೈಗಳು ಇನ್ನೂ ಇವೆ, ಎಸ್.ಪಿ. ರೋಡ್ ಸುತ್ತಮುತ್ತ ವಿಚಾರಿಸಿದ್ರೆ ಸಿಕ್ತಾರೆ. ಆದ್ರೆ ಕೊಡೋ ಮುಂಚೆ ಎರಡು ಪ್ರಶ್ನೆ ಕೇಳಿ. ಯಾವ ಅಳತೆ ಯಾವ ಗಟ್ಟಿತನದ ಸರೌಂಡ್ ಹಾಕ್ತೀರ? ಯಾಕಂದ್ರೆ ಗಟ್ಟಿ ರಬ್ಬರ್ ಅಂಟಿಸಿಬಿಟ್ರೆ ಕೋನ್ ಬಿಗಿಯಾಗಿ ಬೇಸ್ ಇನ್ನೂ ಕಮ್ಮಿ ಆಗುತ್ತೆ, ಆ ಬಾಕ್ಸ್ ಡಿಸೈನ್ ಮಾಡಿರೋದೇ ಮೆತ್ತನೆ ಫೋಮಿನ ಲೆಕ್ಕಕ್ಕೆ. ಅಂಟಿಸುವಾಗ ಕಾಯಿಲ್ ನಡುಮಧ್ಯ ಹೇಗೆ ಹಿಡೀತೀರ? ಮಧ್ಯದ ಗುಮ್ಮಟ ಬಿಡಿಸಿ ತೆಳ್ಳಗಿನ ಪಟ್ಟಿ ತೂರಿಸ್ತೀವಿ ಅಂದ್ರೋ, ಇಲ್ಲಾ ಕಡಿಮೆ ಫ್ರೀಕ್ವೆನ್ಸಿ ಟೋನ್ ಕೊಟ್ಟು ಉಜ್ಜುತ್ತಾ ಅಂತ ಕೇಳ್ಕೊಂಡು ಕೂರಿಸ್ತೀವಿ ಅಂದ್ರೋ ಕೊಡಿ. "ಕಣ್ಣಂದಾಜಲ್ಲಿ ಆಗುತ್ತೆ ಮೇಡಂ" ಅಂದ್ರೆ ವಾಪಸ್ ಬನ್ನಿ. ಮತ್ತೆ ಎರಡೂ ವೂಫರ್ ಒಟ್ಟಿಗೇ ಮಾಡಿಸಿ, ಒಂದು ಹೊಸದು ಒಂದು ಹಳೇದು ಇಟ್ರೆ ಎಡಬಲ ಯಾವತ್ತೂ ಕೂಡಲ್ಲ.

ಅದೇ ಸಮಯದಲ್ಲಿ ಬಾಕ್ಸ್ ಒಳಗಿನ ಕ್ರಾಸ್‌ಓವರೂ ನೋಡಿಸಿ. ಯಾವ ಸ್ವರ ಟ್ವೀಟರ್‌ಗೆ (ಮೇಲಿನ ಸ್ವರದ ಸಣ್ಣ ಸ್ಪೀಕರ್‌ಗೆ) ಯಾವುದು ವೂಫರ್‌ಗೆ ಅಂತ ಹಂಚೋ ಸಣ್ಣ ಬೋರ್ಡದು, ಅದರಲ್ಲಿರೋ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಇಷ್ಟು ವರ್ಷದಲ್ಲಿ ಒಣಗಿ ಲೆಕ್ಕ ತಪ್ಪಿರುತ್ವೆ, ತಾಳದ ಝಣಝಣ ಮಂಕಾಗೋದು ಅದಕ್ಕೇ. ಅದರ ಬದ್ಲು ಫಿಲ್ಮ್ ಕೆಪ್ಯಾಸಿಟರ್ ಹಾಕಿದ್ರೆ ಬಾಳಿಕೆ ಜಾಸ್ತಿ, ಆದ್ರೆ ಟ್ವೀಟರ್ ಹಳೇದಕ್ಕಿಂತ ಒಂಚೂರು ಚುರುಕಾಗಿ ಕೇಳ್ಸುತ್ತೆ, ತೀರ ಚುಚ್ಚಿದ್ರೆ ಸಣ್ಣ ರೆಸಿಸ್ಟರ್ ಸೇರಿಸಿ ಸರಿಮಾಡ್ಬಹುದು, ಒಳ್ಳೆ ಮೆಕ್ಯಾನಿಕ್‌ಗೆ ಗೊತ್ತಿರುತ್ತೆ. ಬಾಕ್ಸ್ ಮೇಲೆ ಟ್ರೆಬಲ್, ಮಿಡ್ ಅಂತ ತಿರುಗಿಸೋ ಗುಬ್ಬಿ (ನಾಬ್) ಇದ್ರೆ ಅದನ್ನ ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿ, ಒಳಗೆ ಕಿಲುಬು ಕೂತಿರುತ್ತೆ. 90ರ ದಶಕದಲ್ಲಿ ನಾನು ಕೆಲಸ ಮಾಡ್ತಿದ್ದ ಅಂಗಡಿಗೆ ಒಬ್ರು ಮೇಷ್ಟ್ರು ಟ್ವೀಟರ್ ಹೋಗಿದೆ ಅಂತ ಬಾಕ್ಸ್ ತಂದಿದ್ರು, ನಾನೂ ಹೌದು ಹೋಗಿದೆ ಅಂದು ಹೊಸ ಟ್ವೀಟರ್ ಹಾಕ್ದೆ, ಆಮೇಲೆ ಹಳೇದನ್ನ ಟೇಬಲ್ ಮೇಲೆ ಇಟ್ಟು ನೋಡಿದ್ರೆ ಚೆನ್ನಾಗೇ ಹಾಡ್ತಿದೆ, ಕೆಟ್ಟಿದ್ದು ಆ ಗುಬ್ಬಿ. ಅವ್ರ ಮನೆ ಹುಡ್ಕೊಂಡು ಹೋಗಿ ದುಡ್ಡು ವಾಪಸ್ ಕೊಟ್ಟು ಬಂದೆ. ಅವತ್ತಿಂದ ನಾನು ಏನೇ ಬದಲಾಯಿಸೋ ಮುಂಚೆ ಮೊದ್ಲು ಗುಬ್ಬಿ ತಿರುಗಿಸ್ತೀನಿ.

ಮೂರನೇದು ನಿಮ್ಮ ಹಾಲು, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಬೆಂಗಳೂರಲ್ಲಿ ಹಳೇ ಮನೆಯಿಂದ ಫ್ಲ್ಯಾಟ್‌ಗೆ ಬಂದೋರೆಲ್ಲರ ಕಥೆ ಇದು.

ಬಸವನಗುಡಿಯ ಆ ಥರ ಮನೆಗಳಲ್ಲಿ ನಾನೂ ಎಷ್ಟೋ ಸೆಟ್ ಕೂರಿಸಿದೀನಿ. ಎತ್ತರದ ಮದ್ರಾಸ್ ತಾರಸಿ, ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಜಮಖಾನ, ಮೂಲೇಲಿ ಸುತ್ತಿಟ್ಟ ಹಾಸಿಗೆ, ಪುಸ್ತಕದ ಬೀರು, ಹಜಾರದಿಂದ ರೂಮಿಗೆ ರೂಮಿಂದ ಹಿತ್ತಲಿಗೆ ಸದಾ ತೆರೆದ ಬಾಗಿಲು. ಗಾಳಿ ಓಡಾಡೋ ಮನೇಲಿ ಬೇಸೂ ಓಡಾಡ್ಕೊಂಡು ಹೊರಗೆ ಹೋಗುತ್ತೆ, ಹಾಸಿಗೆ ಪುಸ್ತಕ ಮೇಲಿನ ಸ್ವರದ ಪ್ರತಿಧ್ವನಿ ಕುಡಿದುಬಿಡುತ್ತೆ. ಈಗಿನ ಫ್ಲ್ಯಾಟು ಕಾಂಕ್ರೀಟ್ ಡಬ್ಬ, ಕೆಳಗೆ ವಿಟ್ರಿಫೈಡ್ ಟೈಲ್ಸ್, ಪಕ್ಕದಲ್ಲಿ ಬಾಲ್ಕನಿ ಗಾಜು, ಗೋಡೆ ಮೇಲೆ ಏನೂ ಇಲ್ಲ. ಹಾಲಿನ ಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿ, ಚಿರ್ರ್ ಅಂತ ಬಾಲ ಬಂದ್ರೆ ಪ್ರತಿ ಅಕ್ಷರಕ್ಕೂ ಆ ಬಾಲ ಅಂಟ್ಕೊಳ್ತಿದೆ ಅಂತ ಅರ್ಥ, ಸಾಹಿತ್ಯ ಸ್ಪಷ್ಟ ಕೇಳದೆ ಇದ್ರೆ ಅದೂ ಇದಕ್ಕೇ.

ಬೇಸ್ ಲೆಕ್ಕ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತೆ, ಅದನ್ನ ಹಾಲಿನ ಅಳತೆಯ ಎರಡರಷ್ಟರಿಂದ ಭಾಗಿಸಿದ್ರೆ ಅಲ್ಲಿ ಸಿಕ್ಕಿಹಾಕ್ಕೊಳ್ಳೋ ಸ್ವರ ಸಿಗುತ್ತೆ. 14 ಅಡಿ ಉದ್ದದ ಹಾಲಲ್ಲಿ ಸುಮಾರು 40 ಹರ್ಟ್ಜ್ ಸ್ವರ ಎರಡು ಗೋಡೆ ಮಧ್ಯ ನಿಂತ ಅಲೆ ಆಗುತ್ತೆ, 11 ಅಡಿ ಅಗಲಕ್ಕೆ ಸುಮಾರು 51 ಹರ್ಟ್ಜ್. ಈ ನಿಂತ ಅಲೆಗಳು ಗೋಡೆ ಹತ್ರ, ಮೂಲೆ ಹತ್ರ ಜೋರಾಗಿರುತ್ವೆ, ರೂಮಿನ ಸರಿ ನಡುವೆ ಸೊನ್ನೆ. ನಿಮ್ಮ ಸೋಫಾ ಉದ್ದದಲ್ಲೂ ನಡುವೆ, ಅಗಲದಲ್ಲೂ ನಡುವೆ, ಅಂದ್ರೆ ಎರಡೂ ಸೊನ್ನೆ ಕೂಡೋ ಜಾಗದಲ್ಲಿ! ಅಡುಗೆಮನೆ ಬಾಗಿಲು ಮೂಲೇಲಿದ್ರೆ ಅಲ್ಲಿ ಗುಂಯ್ ಅನ್ನದೆ ಇನ್ನೇನ್ ಮಾಡುತ್ತೆ ಹೇಳಿ. ಇದಕ್ಕೆ ಒಂದೂವರೆ ಲಕ್ಷದ್ದು ತಂದ್ರೂ ಅದೇ ಸೋಫಾ ಮೇಲೆ ಅದೇ ಕಥೆ.

ಸೋಫಾನ ಒಂದೂವರೆ ಎರಡು ಅಡಿ ಹಿಂದಕ್ಕೆ ಎಳೀರಿ, ಆದ್ರೆ ಹಿಂದಿನ ಗೋಡೆಗೆ ಅಂಟಿಸ್ಬೇಡಿ, ಅಲ್ಲಿ ಬೇಸ್ ಉಬ್ಬಿ ಮೃದಂಗದ ತೊಪ್ಪಿಯೂ ಬಲಗಡೆಯೂ ಕಲಸಿ ಒಂದೇ ಮುದ್ದೆ ಆಗುತ್ತೆ. ಸ್ಪೀಕರುಗಳನ್ನ ಟಿವಿ ಯೂನಿಟ್ ತುದಿಯಿಂದ ಈಚೆಗೆ ತಂದು ಗಟ್ಟಿ ಸ್ಟೂಲೋ ಸ್ಟ್ಯಾಂಡೋ ಮೇಲೆ ಇಡಿ, ಟ್ವೀಟರ್ ನೀವು ಕೂತಾಗ ಕಿವಿ ಎಷ್ಟೆತ್ತರಕ್ಕೆ ಇರುತ್ತೋ ಅಷ್ಟೆತ್ತರಕ್ಕೆ, ಸಾಮಾನ್ಯವಾಗಿ ಮೂರಡಿ ಆಸುಪಾಸು ಬರುತ್ತೆ. ಎರಡು ಸ್ಪೀಕರಿಗೆ ಎಷ್ಟು ಅಂತರ ಇದೆಯೋ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ನೀವು, ಸ್ಪೀಕರುಗಳ ಮುಖ ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಮೂಲೆಯಿಂದ ದೂರ ಮಾಡಿದಷ್ಟೂ ಬೇಸ್ ಹದಕ್ಕೆ ಬರುತ್ತೆ, ಅರ್ಧರ್ಧ ಅಡಿ ಸರಿಸಿ ಸರಿಸಿ ಕೇಳಿ, ಒಂದು ಭಾನುವಾರ ಬೆಳಗ್ಗೆ ಇದಕ್ಕೆ ಅಂತ ಇಟ್ಕೊಳ್ಳಿ. ನೆಲಕ್ಕೆ ಆ ಹಳೇ ಜಮಖಾನ ಹಾಸಿ, ಗಾಜಿಗೆ ದಪ್ಪ ಪರದೆ ಹಾಕಿ, ಹಿಂದಿನ ಗೋಡೆಗೆ ಅಪ್ಪನ ಪುಸ್ತಕದ ಬೀರು ತರೋಕಾದ್ರೆ ತನ್ನಿ. ಮೊಟ್ಟೆ ಟ್ರೇ ಅಂಟಿಸಿ ಅನ್ನೋ ಸಲಹೆ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಅದರಿಂದ ಬೇಸಿಗೆ ಏನೂ ಆಗಲ್ಲ, ಧೂಳು ಮತ್ತೆ ಜಿರಲೆ ಅಷ್ಟೇ ಲಾಭ.

18 ಸಾವಿರದ ಕೇಬಲ್ ಬೇಡ. ಮನೆ ವೈರಿಂಗ್‌ಗೆ ಹಾಕೋ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ 10 ಅಡಿ ದೂರಕ್ಕೆ ಹೋಗಿ ಬರೋಕೆ ಅಡ್ಡಿ ಮಾಡೋದು ಒಂದು ಓಮ್‌ನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ, ನಿಮ್ಮ ಸ್ಪೀಕರ್ 8 ಓಮ್‌ದಾದ್ರೆ ಅದು ಲೆಕ್ಕಕ್ಕೇ ಇಲ್ಲ. ತುದಿ ಕಿಲುಬು ಹಿಡಿದಿದ್ರೆ ಕತ್ತರಿಸಿ ಹೊಸದಾಗಿ ಸುಲಿದು ಬಿಗೀರಿ, ಸಾಕು. "200 ಗಂಟೆ ಬರ್ನ್-ಇನ್ ಮಾಡಿ (ಅಂದ್ರೆ ಸುಮ್ನೆ ಹಾಡಿಸ್ತಾ ಇಡಿ) ಆಮೇಲೆ ಸೌಂಡ್ ತೆರ್ಕೊಳ್ಳುತ್ತೆ" ಅನ್ನೋದನ್ನೂ ನಂಬ್ಬೇಡಿ, ಹೊಸ ಸರೌಂಡ್ ಮೊದಲ ಕೆಲವು ಗಂಟೆ ಸ್ವಲ್ಪ ಸಡಿಲ ಆಗುತ್ತೆ, ಉಳಿದದ್ದು ನಮ್ಮ ಕಿವಿ ಅದಕ್ಕೆ ಹೊಂದ್ಕೊಳ್ಳೋದು, ಅಷ್ಟರಲ್ಲಿ ವಾಪಸ್ ಕೊಡೋ ಅವಧಿ ಮುಗಿದಿರುತ್ತೆ.

ಇನ್ನು ಶೋರೂಮಲ್ಲಿ ಅದ್ಭುತವಾಗಿತ್ತು ಅಂದ್ರಲ್ಲ, ಇದನ್ನ ಒಳಗಿದ್ದು ಕಂಡೋನಾಗಿ ಹೇಳ್ತೀನಿ. 1987ರಲ್ಲಿ ನಾನು ಕೆಲಸಕ್ಕೆ ಸೇರಿದ ಅಂಗಡೀಲಿ ಹಿಂದ್ಗಡೆ ಒಂದು ಡೆಮೋ ರೂಮ್ ಇತ್ತು. ನಾಲ್ಕೂ ಗೋಡೆಗೆ ಮೆರೂನ್ ಪರದೆ, ಕಾಲು ಹೂತೋಗೋ ಕಾರ್ಪೆಟ್ಟು, ಏಸಿ ಇದ್ದಿದ್ದು ಅದೊಂದೇ ರೂಮಿಗೆ. ಸೊನೊಡೈನ್, ಕಾಸ್ಮಿಕ್, ಫಿಲಿಪ್ಸ್ ಸಾಲಾಗಿ, ಒಂದು ಮೂಲೇಲಿ ಯಾರೋ ಗಲ್ಫಿಂದ ತಂದು ಮಾರಿದ್ದ ಫಾರಿನ್ ಜೋಡಿ. 1991ಕ್ಕೆ ಮುಂಚೆ ಆಮದು ಸುಂಕ ಎಷ್ಟಿತ್ತು ಅಂದ್ರೆ ಆ ಜೋಡೀನ ಮುಟ್ಟೋಕೂ ಜನ ಹಿಂಜರಿಯೋರು. ಗಿರಾಕಿಗಳು ಶನಿವಾರ ಮಧ್ಯಾಹ್ನ ಆಫೀಸ್ ಮುಗಿಸ್ಕೊಂಡು ಹೆಂಡ್ತಿ ಮಕ್ಕಳ ಜೊತೆ ಬರೋರು, ಜೇಬಲ್ಲಿ ತಮ್ದೇ ಕ್ಯಾಸೆಟ್. ಭೀಮಸೇನ ಜೋಶಿ ಅವ್ರದ್ದೋ ಮನ್ಸೂರ್ ಅವ್ರದ್ದೋ ತಂದ್ರೆ ನಾನು ನಿಂತ್ಕೊಂಡು ಪೂರ್ತಿ ಕೇಳ್ತಿದ್ದೆ, ಆ ರೂಮಲ್ಲಿ ಸಂಗೀತ ಕಲಿತೆ ಅಂದ್ರೂ ತಪ್ಪಿಲ್ಲ. ನಿಮ್ಮಪ್ಪನ ಥರದವ್ರು ನನಗೆ ಚೆನ್ನಾಗಿ ನೆನಪಿದ್ದಾರೆ ಮೇಡಂ, ಮೂರು ವಾರ ಬಂದು ಕೇಳಿ, ನಾಲ್ಕನೇ ವಾರ ದುಡ್ಡು ಎಣಿಸಿ ಕೊಟ್ಟು, ಆಟೋದಲ್ಲಿ ಬಾಕ್ಸನ್ನ ಮಗು ಥರ ತಬ್ಬಿ ಹಿಡ್ಕೊಂಡು ಹೋಗೋರು.

ಆದ್ರೆ ಆ ರೂಮಲ್ಲಿ ಒಂದು ಸ್ವಿಚ್ ಬೋರ್ಡ್ ಇತ್ತು, ಗುಂಡಿ ಒತ್ತಿದ್ರೆ ಒಂದು ಜೋಡಿಯಿಂದ ಇನ್ನೊಂದಕ್ಕೆ ಹೋಗುತ್ತೆ. ಮಾಲೀಕ್ರು ಯಾವ್ದನ್ನ ಮಾರ್ಬೇಕು ಅನ್ಕೊಂಡಿರ್ತಾರೋ ಅದಕ್ಕೆ ಬಂದಾಗ ಇನ್ನೊಂದು ಕೈ ವಾಲ್ಯೂಮ್ ಮೇಲೆ, ಒಂಚೂರು ಏರಿಸೋರು. ಒಂದು ಡೆಸಿಬೆಲ್ ಜಾಸ್ತಿ ಆದ್ರೂ ನಮ್ಮ ಮನಸ್ಸು "ಜೋರಾಯ್ತು" ಅನ್ನಲ್ಲ, "ಚೆನ್ನಾಗಾಯ್ತು" ಅನ್ನುತ್ತೆ. ಯಾರೂ ಬೇಕಂತ ಮಾಡ್ದೆ ಇದ್ರೂ ಇದು ಆಗುತ್ತೆ, ಒಂದು ಸ್ಪೀಕರಿಗೆ ಒಂದು ವ್ಯಾಟ್ ಕೊಟ್ರೆ 86 ಡೆಸಿಬೆಲ್ (ಡಿಬಿ) ಬರ್ಬಹುದು ಇನ್ನೊಂದಕ್ಕೆ 90, ವಾಲ್ಯೂಮ್ ಮುಟ್ದೆ ಬದಲಾಯಿಸಿದ್ರೆ ಎರಡನೇದೇ ಗೆಲ್ಲುತ್ತೆ. ಇನ್ನೊಂದು, ಕಣ್ಣಿಗೆ ಕಂಡದ್ದು ಕಿವಿಗೆ ಹತ್ತುತ್ತೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತೆ ಶಾನ್ ಆಲಿವ್ ಅನ್ನೋ ಇಬ್ಬರು ಆಡಿಯೋ ಸಂಶೋಧಕರು ಇದನ್ನ ಪರೀಕ್ಷೆ ಮಾಡಿ ಪ್ರಕಟಿಸಿದ್ರು, ಅದೇ ಜನ ಅದೇ ಸ್ಪೀಕರಿಗೆ ನೋಡ್ಕೊಂಡು ಕೊಟ್ಟ ಅಂಕ ಬೇರೆ, ಪರದೆ ಹಿಂದೆ ಇಟ್ಟಾಗ ಕೊಟ್ಟದ್ದು ಬೇರೆ. ಕೇಳಿ ಅನುಭವ ಇದ್ದೋರೂ ಇದರಿಂದ ತಪ್ಪಿಸ್ಕೊಳ್ಳಲಿಲ್ಲ.

ಹಂಗಂತ ನೀವು ಶೋರೂಮಲ್ಲಿ ಕೇಳಿದ್ದು ಸುಳ್ಳಲ್ಲ, ಹೊಸ ಸ್ಪೀಕರ್ ಚೆನ್ನಾಗೇ ಇರ್ಬಹುದು, ಆದ್ರೆ ನೀವು ಕೇಳಿದ್ದು ಆ ರೂಮಿನ ಜೊತೆ ಆ ವಾಲ್ಯೂಮಲ್ಲಿ. ತಗೊಳ್ಳೋ ಮನಸ್ಸಿದ್ರೆ ಒಂದು ವಾರ ಮನೆಗೆ ಕೊಡ್ತೀರಾ ಅಂತ ಕೇಳಿ, ಇಲ್ಲಾ ವಾಪಸ್ ತಗೋತೀರಾ ಅಂತ ಬರೆಸ್ಕೊಳ್ಳಿ. ನಿಮ್ಮ ತಂಬೂರಿ ಶ್ರುತಿ, ನಿಮ್ಮ ಮೃದಂಗದ ರೆಕಾರ್ಡಿಂಗ್ ತಗೊಂಡ್ ಹೋಗಿ, ಅವ್ರು ಹಾಕೋ ಡೆಮೋ ಹಾಡು ಎಲ್ಲ ಸ್ಪೀಕರಲ್ಲೂ ಚೆನ್ನಾಗೇ ಕೇಳುತ್ತೆ. ಫೋನಲ್ಲಿ ಡೆಸಿಬೆಲ್ ಮೀಟರ್ ಆ್ಯಪ್ ಹಾಕ್ಕೊಂಡು ಎರಡೂ ಜೋಡಿ ಒಂದೇ ಜೋರಿಗೆ ತಂದು ಆಮೇಲೆ ಹೋಲಿಸಿ. ವ್ಯಾಟ್ ಲೆಕ್ಕಕ್ಕೆ ಮರುಳಾಗ್ಬೇಡಿ, ನಿಮ್ಮ ಹಾಲಲ್ಲಿ ಮಾಮೂಲಿ ಕೇಳೋಕೆ ಒಂದೆರಡು ವ್ಯಾಟ್ ಖರ್ಚಾದ್ರೆ ಹೆಚ್ಚು, ವ್ಯಾಟ್ ಎರಡರಷ್ಟಾದ್ರೆ ಸಿಗೋದು ಬರೀ 3 ಡಿಬಿ.

ಸೌಂಡ್‌ಬಾರ್ ವಿಷ್ಯದಲ್ಲಿ ನಿಮ್ಮನೆಯವ್ರ ಮಾತಲ್ಲೂ ನ್ಯಾಯ ಇದೆ, ಟಿವಿ ನ್ಯೂಸು ಸಿನಿಮಾ ಡೈಲಾಗಿಗೆ ಅದು ಸ್ಪಷ್ಟ ಮತ್ತೆ ಜಾಗ ಉಳಿಯುತ್ತೆ. ಆದ್ರೆ ಮೂರಡಿ ಪಟ್ಟಿ ಒಳಗೆ ಎಡಬಲ ಎರಡೂ ತುರುಕಿದ್ರೆ ವಯೊಲಿನ್ ಅಲ್ಲಿ ಮೃದಂಗ ಇಲ್ಲಿ ಅನ್ನೋ ಹರವು ಬರೋದು ಕಷ್ಟ. ಎರಡೂ ಇರ್ಲಿ, ಟಿವಿಗೆ ಅದು, ಸಂಗೀತಕ್ಕೆ ಇದು.

ಕಿವಿ ಬಗ್ಗೆ ಒಂದ್ಮಾತು. 50 ದಾಟಿದ್ಮೇಲೆ ತೀರ ಮೇಲಿನ ಸ್ವರಗಳು ಎಲ್ಲರಿಗೂ ಕಮ್ಮಿ ಆಗುತ್ವೆ, ನನಗೂ ಆಗಿದೆ, ಆದ್ರೆ ಬೇಸ್ ವಯಸ್ಸಿನಿಂದ ಮೊದ್ಲು ಹೋಗಲ್ಲ. ಮನಸ್ಸಿನ ಅಳುಕು ಹೋಗ್ಲಿ ಅಂದ್ರೆ ಒಂದು ಆಡಿಯೋಗ್ರಾಂ (ಕಿವಿ ಕೇಳೋ ಶಕ್ತಿಯ ಪರೀಕ್ಷೆ) ಮಾಡಿಸಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್ ತನಕ ನೋಡ್ತಾರೆ. ಮತ್ತೆ ಅಪ್ಪ ಹಾಕ್ತಿದ್ದಷ್ಟು ಜೋರಾಗಿ ಫ್ಲ್ಯಾಟಲ್ಲಿ ಹಾಕೋಕಾಗಲ್ಲ ಅಲ್ವಾ? ಸೌಂಡ್ ಸಣ್ಣ ಮಾಡಿದ್ರೆ ಮನುಷ್ಯನ ಕಿವಿಗೆ ಬೇಸ್ ಬೇರೆಲ್ಲದಕ್ಕಿಂತ ಬೇಗ ಮಾಯ ಆಗುತ್ತೆ, ಫ್ಲೆಚರ್ ಮತ್ತೆ ಮನ್ಸನ್ ಅನ್ನೋ ಸಂಶೋಧಕರು ಇದನ್ನ 1933ರಲ್ಲೇ ಅಳೆದಿಟ್ಟಿದ್ದಾರೆ. ನಿಮ್ಮ ಹಳೇ ಆಂಪ್ಲಿಫೈಯರ್ ಮುಂದೆ ಲೌಡ್‌ನೆಸ್ ಅಂತ ಗುಂಡಿ ಇದ್ರೆ ಅದು ಇದಕ್ಕೇ ಇರೋದು, ರಾತ್ರಿ ಸಣ್ಣಗೆ ಕೇಳುವಾಗ ಒತ್ತಿ, ಜೋರಾಗಿ ಹಾಕಿದಾಗ ತೆಗೀರಿ. ಬ್ಲೂಟೂತಲ್ಲಿ ಕೇಳುವಾಗ ಫೋನ್ ವಾಲ್ಯೂಮ್ ಪೂರ್ತಿ ಇಟ್ಟು ಏರಿಳಿತ ಆಂಪ್ಲಿಫೈಯರಲ್ಲಿ ಮಾಡಿ.

ನನ್ನ ಮನೆ ಸ್ಪೀಕರ್ ಆಗಿದ್ರೆ ಈ ವಾರ ವೈರ್ ಮತ್ತೆ ಸೋಫಾ, ಆಮೇಲೆ ಜಮಖಾನ ಪರದೆ, ಮುಂದಿನ ತಿಂಗಳು ಸರೌಂಡು ಕೆಪ್ಯಾಸಿಟರು. ರಿಪೇರಿಲಿ ಅಪಾಯ ಇಲ್ಲ ಅನ್ನಲ್ಲ, ಕೈ ಒಳ್ಳೇದಿಲ್ಲ ಅಂದ್ರೆ ವೂಫರ್ ಕೆಡ್ಬಹುದು, ಕಾಯಿಲ್ ಈಗಾಗ್ಲೇ ಉಜ್ಜಿದ್ರೆ ಖರ್ಚು ಜಾಸ್ತಿ ಆಗ್ಬಹುದು, ಆಗ ಹೊಸದು ತಗೊಳ್ಳೋದೇ ವಾಸಿ ಅಂತ ನಾನೇ ಹೇಳ್ತೀನಿ. ಆದ್ರೆ ಅದು ಬಿಚ್ಚಿ ನೋಡಿದ್ಮೇಲೆ ತೀರ್ಮಾನ ಆಗ್ಬೇಕು, ಗುಜರಿಯವ್ರಿಗೆ ಅಲ್ಲೀವರೆಗೂ ಫೋನ್ ಮಾಡ್ಬೇಡಿ.

ಒಂದು ಮರ್ತಿದ್ದೆ. ವೈರ್ ಮುಟ್ಟೋ ಮುಂಚೆ ಆಂಪ್ಲಿಫೈಯರ್ ಆಫ್ ಮಾಡಿ ಪ್ಲಗ್ ಕಿತ್ತು ಎರಡು ನಿಮಿಷ ಬಿಡಿ, ಆನ್ ಇದ್ದಾಗ ಎರಡು ವೈರಿನ ಎಳೆ ಒಂದಕ್ಕೊಂದು ತಾಗಿದ್ರೆ ಆ ಕಾಲದ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಅಲ್ಲೇ ಸುಟ್ಟೋಗ್ಬಹುದು, ಆ ನಂಬರಿಂದು ಈಗ ಹುಡುಕೋದು ತುಂಬ ಕಷ್ಟ.